ಮೂವತ್ತಾರಕ್ಕೆ ನಲವತ್ತೊಂದು

ಅರ್ಧ ಗುಣ ಎಲ್ಲಿ ಹೋಗಿರಬಹುದೆಂದು ಓಬಳೇಶ ಬೆಳಿಗ್ಗೆ ಹಲ್ಲುಜ್ಜುತ್ತಲೇ ಯೋಚಿಸತೊಡಗಿದ್ದ. ಚಪ್ಪಲಿ ಕಳೆದರೆ ಮಂಚದ ಕೆಳಗೆ ಬಗ್ಗಿ ನೋಡಬಹುದು, ಬೀಗದ ಕೈ ಕಳೆದರೆ ನಿನ್ನೆ ಬಿಚ್ಚಿಟ್ಟ ಅಂಗಿಯ ಜೇಬು ತಡಕಬಹುದು. ಗುಣ ಕಳೆದರೆ, ಅದರಲ್ಲೂ ಅರ್ಧ ಗುಣ ಕಳೆದರೆ, ಎಲ್ಲಿ ಬಗ್ಗುವುದು? ಬಾಯಿತುಂಬ ನೊರೆ ಇಟ್ಟುಕೊಂಡು ಹಿತ್ತಲಲ್ಲಿ ನಿಂತು ಕೋಟೆಯ ಬಂಡೆಗಳ ಕಡೆ ನೋಡಿದ. ಒಂದರ ಮೇಲೊಂದು ಯಾರ ಜಾತಕವನ್ನೂ ಕೇಳದೆ ಕೂತಿದ್ದವು. ಹೆಣ್ಣುಗಂಡಿನ ಸಾಲಾವಳಿ ನೋಡಿದಾಗ ಮೂವತ್ತಾರು ಗುಣಗಳಲ್ಲಿ ಹದಿನೆಂಟಾದರೂ ಕೂಡಿಬರಬೇಕು ಎಂಬುದು ಊರೆಲ್ಲ ಬಲ್ಲ ಲೆಕ್ಕ. ಅವನಿಗೂ ತಾಳ್ಯದ ಯಶೋಧಾಳಿಗೂ ಕೂಡಿಬಂದದ್ದು ಹದಿನೇಳೂವರೆ. ಲೆಕ್ಕ ಹಾಕಿದವರು ಬೇರೆ ಯಾರೋ ಜೋಯಿಸರಾಗಿದ್ದರೆ ಅವರ ಕಣ್ಣಿಗೆ ಪೊರೆ ಬಂದಿದೆ ಎಂದು ಬೈದುಕೊಂಡು ಸುಮ್ಮನಾಗಬಹುದಿತ್ತು. ಹಾಕಿದ್ದು ಅವನದೇ ಕಂಪ್ಯೂಟರು. ಸಂತೆಹೊಂಡದ ಹತ್ತಿರ, ಬಳೆ ಅಂಗಡಿಯ ಮಹಡಿಯ ಮೇಲೆ, ಅವನೇ ಬೋರ್ಡು ಬರೆಸಿ ಇಟ್ಟ ಗಣಕ ಜಾತಕ ಕೇಂದ್ರದ ಕಂಪ್ಯೂಟರು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಲ್ಲಿ ಬಿತ್ತಂತೆ. ಓಬಳೇಶನೂ ಬಚ್ಚಲಿಗೇ ಹೋಗಿ ಬಾಯಿ ಮುಕ್ಕಳಿಸಿದ.

ಇವತ್ತು ಹತ್ತು ಗಂಟೆಗೆ ಯಶೋಧಾಳ ಸೋದರಮಾವ ತಿಪ್ಪೇರುದ್ರಪ್ಪನವರು ಬರುವವರಿದ್ದರು. ಹೋದ ವಾರ ತಾಳ್ಯಕ್ಕೆ ಹೆಣ್ಣು ನೋಡಲು ಹೋದಾಗ ಅವರು ಅಡಿಕೆ ಅಗಿಯುತ್ತ ಹೇಳಿದ್ದರು: "ಪೆನ್ನು ಹಿಡಿದೋನು ಸುಳ್ಳು ಬರೀತಾನೆ, ಮಿಷಿನ್ನು ಬರಿಯಲ್ಲ. ನಿಮ್ಮದೇ ಅಂಗಡೀಗೆ ಬಂದು ನೋಡಿಸ್ತೀವಿ, ನಮ್ಮ ಕಣ್ಣೆದುರಿಗೇ ಒತ್ರಿ. ಹದಿನೆಂಟಕ್ಕೆ ಕಮ್ಮಿ ಬಂದ್ರೆ ಎದ್ದು ಹೋಗ್ತೀವಿ, ಬೇಜಾರು ಮಾಡ್ಕಬ್ಯಾಡ್ರಿ." ಓಬಳೇಶನ ತಾಯಿ ಜಯಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, "ಬೇಜಾರು ಎಂಥದ್ರಿ, ದೈವದ್ದು ಮಾತು," ಎಂದಿದ್ದಳು. ಮೂವತ್ತಾರು ವಯಸ್ಸಿನ ಮಗನಿಗೆ ಬೇಜಾರು ಆಗುತ್ತದೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಅವನಿಗೆ ಯಶೋಧಾ ಬೇಕಾಗಿದ್ದಳು. ಇಷ್ಟು ಸ್ಪಷ್ಟವಾಗಿ ಅವನಿಗೆ ಈ ಮೊದಲು ಏನೂ ಬೇಕಾಗಿರಲಿಲ್ಲ, ಅದಕ್ಕೇ ಅವನಿಗೆ ನಾಚಿಕೆಯಾಗಿತ್ತು.

ತಾರೀಖು ತಿದ್ದಿಬಿಟ್ಟರೆ ಮುಗಿಯುತ್ತಿತ್ತು. ಅವನ ಹುಟ್ಟಿದ ತಾರೀಖೇ ಒಂದು ಕಟ್ಟುಕತೆ. ಶಾಲೆಗೆ ಸೇರಿಸಿಕೊಳ್ಳುವಾಗ ಮೇಷ್ಟ್ರು ಅವನ ತೋಳು ಎತ್ತಿಸಿ, ಕಿವಿ ಮುಟ್ಟಿಸಿ ನೋಡಿ, ಜೂನ್ ಒಂದು ಎಂದು ಬರೆದಿದ್ದರು. ಅವನ ತರಗತಿಯವರೆಲ್ಲ ಜೂನ್ ಒಂದರಂದೇ ಹುಟ್ಟಿದ್ದರು. ಅಂಗಡಿಗೆ ಬರುವ ಗಂಡುಹೆಣ್ಣುಗಳಲ್ಲೂ ಅರ್ಧಕ್ಕರ್ಧ ಜೂನ್ ಒಂದೇ. ಯಶೋಧಾಳದ್ದೂ ಅದೇ, ಇಸವಿ ಮಾತ್ರ ಬೇರೆ. ಹುಟ್ಟಿದ ವೇಳೆ ಕೇಳಿದರೆ "ದನ ಬಿಡೋ ಹೊತ್ತು" ಎನ್ನುವರು, "ಕೋಳಿ ಕೂಗಿ ಸ್ವಲ್ಪ ಹೊತ್ತಿಗೆ" ಎನ್ನುವರು. ಅವನು ಒಂಬತ್ತು ಗಂಟೆ ಎಂದೋ ಐದು ಗಂಟೆ ಎಂದೋ ಒತ್ತುವನು. ಆಮೇಲೆ ಆ ಜೂನ್ ಒಂದರ ದನ ಬಿಡುವ ಹೊತ್ತಿನಲ್ಲಿ ಶನಿ ಯಾವ ಮನೆಯಲ್ಲಿ ಕೂತಿದ್ದನೆಂದು ಕಂಪ್ಯೂಟರು ಕರಾರುವಾಕ್ಕಾಗಿ ಹೇಳುವುದು. ಇದರಲ್ಲಿ ಯಾರಿಗೂ ಏನೂ ತಪ್ಪು ಕಂಡಿರಲಿಲ್ಲ, ಓಬಳೇಶನಿಗೂ. ಆದರೆ ಈಗ ತನ್ನ ಸಲುವಾಗಿ ದನವನ್ನು ಅರ್ಧ ಗಂಟೆ ಮೊದಲೇ ಬಿಡುವುದು ಸುಳ್ಳಾಗುತ್ತದೆ. ಸುಳ್ಳು ಅವನ ಕೈಲಾಗದು; ಬೆರಳು ಕೀಲಿಯ ಮೇಲೆಯೇ ನಿಂತುಬಿಡುತ್ತದೆ. ಮಿಷಿನ್ನಿನ ವೇಗ ಹೆಚ್ಚಿಸುವುದಾದರೋ ಸುಳ್ಳಲ್ಲ. ನಿಧಾನವಾಗಿ ಲೆಕ್ಕ ಮಾಡುವವನು ಕೊನೆಯ ಚೂರುಪಾರನ್ನು ಬಿಟ್ಟುಬಿಡುತ್ತಾನೆ, ಚುರುಕಿನವನು ಅದನ್ನೂ ಹೆಕ್ಕುತ್ತಾನೆ; ಅರ್ಧ ಗುಣ ಅಲ್ಲೇ ಎಲ್ಲೋ ಉದುರಿದೆ. ಬಿ.ಎಸ್ಸಿ. ಓದಿದ ತಲೆಗೆ ಇದು ನಿಜವಲ್ಲವೆಂದು ಗೊತ್ತಿತ್ತು. ಆದರೆ ಆ ಬಿ.ಎಸ್ಸಿ.ಯೂ ಗ್ರೇಸ್ ಮಾರ್ಕಿನಲ್ಲಿ ಪಾಸಾದದ್ದು, ಅದರ ಮಾತನ್ನು ಎಷ್ಟು ನಂಬುವುದು?

ನಿಜ ಹೇಳಬೇಕೆಂದರೆ ಇದೆಲ್ಲ ಶುರುವಾದದ್ದು ಉಪ್ಪಿಟ್ಟಿನಿಂದ. ತಾಳ್ಯದ ಆ ಮನೆಯಲ್ಲಿ ತಟ್ಟೆ ಕೊಟ್ಟರು. ಜೊತೆಗೆ ಬಂದವರು ಕೈಯಾಡಿಸಿ ನುಂಗಿ ನೀರು ಕುಡಿದರು, ಓಬಳೇಶನ ತಟ್ಟೆಯಲ್ಲಿ ಇನ್ನೂ ಮುಕ್ಕಾಲು ಇತ್ತು. ಎಲ್ಲರೂ ಅವನ ಬಾಯಿಯನ್ನೇ ನೋಡುತ್ತ ಕೂತರು. ಬಾಗಿಲ ಪಕ್ಕ ನಿಂತಿದ್ದ ಯಶೋಧಾ, ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಗಣಿತ ಹೇಳುವವಳು, ಅವತ್ತು ಅವನೊಡನೆ ಆಡಿದ್ದು ಒಂದೇ ಮಾತು. "ನೀವು ಯಾವಾಗಲೂ ಇಷ್ಟು ನಿಧಾನಕ್ಕೆ ಉಣ್ತೀರಾ?" ಅವನು ಹೌದು ಎಂದನೋ ಇಲ್ಲ ಎಂದನೋ ನೆನಪಿಲ್ಲ, ಬಾಯಲ್ಲಿ ಉಪ್ಪಿಟ್ಟು ಇತ್ತು. ಬಸ್ಸಿನಲ್ಲಿ ಬರುವಾಗ ಆ ಮಾತು ಕಿಟಕಿಯ ಗಾಜಿನ ಹಾಗೆ ಕಟಕಟ ಎನ್ನುತ್ತಲೇ ಇತ್ತು. ನಿಧಾನ. ಸೈಕಲ್ಲು ಕಲಿಯುವಾಗ ಅಪ್ಪ ಅಂದದ್ದು, ಟೈಪಿಂಗ್ ಪರೀಕ್ಷೆಯಲ್ಲಿ ಬರೆದದ್ದು, ಕೆಲಸಕ್ಕೆ ಸೇರಿದ ಮೂರು ಕಡೆ ಮೂವರೂ ಹೇಳಿ ಕಳಿಸಿದ್ದು. ಮಾರನೆಯ ದಿನವೇ ಅವನು ಜುಂಜೇಶನ ಅಂಗಡಿಗೆ ಹೋದ. ಹೋಗುವಾಗ ಬೇಕೆಂದೇ ಬಿರಬಿರನೆ ನಡೆದ. ಪರಿಚಯದವರೊಬ್ಬರು ಯಾರಿಗೆ ಏನಾಯಿತೆಂದು ಗಾಬರಿಯಿಂದ ಕೇಳಿದರು.

ಜುಂಜೇಶ ಕಂಪ್ಯೂಟರಿನ ಬಿಡಿಭಾಗ ಮಾರುವವನು, ಕುರಿ ಮಂದೆ ಇದ್ದ ಮನೆಯಿಂದ ಬಂದವನು. ಮದರ್‌ಬೋರ್ಡನ್ನೂ ಕುರಿಯ ಹಲ್ಲು ನೋಡುವ ಹಾಗೆಯೇ ಎತ್ತಿ ಹಿಡಿದು ನೋಡುವನು. ಆಗ ಮೆಮೊರಿ ಎರಡು ತರದ್ದು ಸಿಗುತ್ತಿತ್ತು, ಬೆರಳುದ್ದದ ಹಸಿರು ಪಟ್ಟಿಗಳು. ನೂರರ ವೇಗದ್ದು, ನೂರಾ ಮೂವತ್ತಮೂರರ ವೇಗದ್ದು. ಓಬಳೇಶನ ಮಿಷಿನ್ನಿನಲ್ಲಿ ಇದ್ದದ್ದು ನೂರರದ್ದು. "ಎರಡೂ ಕಚ್ಚಿನ ಜಾಗ ಒಂದೇ, ಕುಂತ್ಕಂತವೆ," ಎಂದ ಜುಂಜೇಶ. "ಕುಂತ್ಕಂಡ ಮಾತ್ರಕ್ಕೆ ಹೊಂದ್ಕಂಡ್ವು ಅಂತ ಅಲ್ಲ ಸಾರ್. ಜೋಡಿ ಹಾಕಿದ್ರೆ ನಿಧಾನದ್ದರ ವೇಗಕ್ಕೇ ಎರಡೂ ನಡೀತವೆ. ಅದರ ಪಾಡಿಗೆ ಬಿಟ್ರೆ ಏನೂ ತೊಂದ್ರೆ ಇಲ್ಲ. ನೀವು ಮೇಲಿನ ವೇಗ ಬೇಕು ಅಂತ ಎಳೆದ್ರೆ ಮಾತ್ರ ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು ಅನ್ನಂಗೆ ಆಗ್ತೈತೆ. ವೇಗ ಬೇಕು ಅಂದ್ರೆ ಹಳೇದನ್ನ ಕಿತ್ತಾಕ್ರಿ." ಓಬಳೇಶ ಹೊಸದನ್ನು ಕಾಗದದಲ್ಲಿ ಸುತ್ತಿಸಿಕೊಂಡು ತಂದ. ಕಿತ್ತಾಕ್ರಿ ಎಂಬುದು ಮಾತ್ರ ಅವನ ಎದೆಯಲ್ಲಿ ಎಲ್ಲೋ ಚುಚ್ಚಿಕೊಂಡಿತು. ಇಷ್ಟು ವರ್ಷ ದುಡಿದದ್ದು. ನಿಧಾನವೆಂಬ ಒಂದೇ ಕಾರಣಕ್ಕೆ ಕಿತ್ತೆಸೆಯುವುದೆಂದರೆ ಏನರ್ಥ? ನಿಧಾನದವನನ್ನು ಕೀಳದೆ, ಅವನನ್ನೇ ಸ್ವಲ್ಪ ಓಡಿಸಿದರೆ ಆಗದೆ? ಚುರುಕಿನವಳ ಪಕ್ಕದಲ್ಲಿ ಕೂರಿಸಿದರೆ ಅವನೂ ಓಡಿಯಾನು. ಇಲ್ಲಿ ತಾನು ಮೆಮೊರಿ ಪಟ್ಟಿಯನ್ನು ಅವನು ಎನ್ನುತ್ತಿದ್ದೇನೆ, ಇನ್ನೊಂದನ್ನು ಅವಳು ಎನ್ನುತ್ತಿದ್ದೇನೆ ಎಂಬುದು ಅವನ ಗಮನಕ್ಕೆ ಬಂತು. ಬಂದರೂ ತಿದ್ದಿಕೊಳ್ಳಲಿಲ್ಲ.

ಹೀಗೆ ಇವತ್ತು ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದು, ಊದಿನಕಡ್ಡಿ ಹಚ್ಚಿ, ಕಂಪ್ಯೂಟರಿನ ಡಬ್ಬದ ಪಕ್ಕದ ತಗಡನ್ನು ಬಿಚ್ಚಿದ. ಹಳೆಯ ಪಟ್ಟಿಯ ಪಕ್ಕದಲ್ಲಿ ಹೊಸದನ್ನು ಒತ್ತಿ ಕೂರಿಸಿದ. ಟಿಕ್ ಎಂದು ಎರಡೂ ತುದಿಯ ಕೊಂಡಿಗಳು ಕಚ್ಚಿಕೊಂಡವು. ಮಿಷಿನ್ನು ಹಚ್ಚಿ, ವೇಗ ಹೊಂದಿಸುವ ಶುರುವಿನ ನೀಲಿ ಪರದೆಗೆ ಹೋಗಿ ನೂರು ಎಂದಿದ್ದ ಕಡೆ ನೂರಾ ಮೂವತ್ತಮೂರು ಎಂದು ಆರಿಸಿದ. ವೇಗ ಏರಿಸಿದರೆ ಕಾವು ಏರುತ್ತದೆಂದು ಓದಿದ್ದರಿಂದ ತಗಡನ್ನು ವಾಪಸು ಮುಚ್ಚದೆ, ಆ ತೆರೆದ ಬಾಯಿಗೆ ಜಾಲರಿ ಇಲ್ಲದ ಒಂದು ಸಣ್ಣ ಫ್ಯಾನನ್ನು ತಂತಿಯಲ್ಲಿ ಕಟ್ಟಿದ. ಅದು ತಿರುಗತೊಡಗಿದಾಗ ಇಡೀ ಡಬ್ಬ ಚಳಿಜ್ವರ ಬಂದಂತೆ ನಡುಗಿತು. ಮೇಜಿನ ಕಾಲು ಒಂದು ಗಿಡ್ಡವಿದ್ದುದಕ್ಕೆ ಡಬ್ಬದ ಆ ಬದಿಗೆ ಮಡಿಸಿದ ರಟ್ಟು ಕೊಟ್ಟ. ರಟ್ಟು ದಪ್ಪವಾಗಿ ಡಬ್ಬ ತೆರೆದ ಬಾಯಿಯ ಕಡೆಗೆ ಒಂಚೂರು ವಾಲಿತು. ಇರಲಿ ಎಂದುಕೊಂಡು ಸಾಲಾವಳಿ ಒತ್ತಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು: ಇಪ್ಪತ್ತೆರಡು.

ಅವನು ಕುರ್ಚಿಯಿಂದ ಎದ್ದು ಮತ್ತೆ ಕೂತ. ಅರ್ಧವನ್ನು ಹುಡುಕಲು ಹೋದರೆ ನಾಲ್ಕೂವರೆ ಸಿಕ್ಕಿತ್ತು. ಖುಷಿ ಎದ್ದ ಬೆನ್ನಿಗೇ ಒಂದು ಅನುಮಾನವೂ ಎದ್ದಿತು. ಹಿರೇಗುಂಟನೂರಿನಿಂದ ಒಮ್ಮೆ ಒಬ್ಬರು ಮಗಳ ಸಾಲಾವಳಿ ನೋಡಿಸಲು ಬಂದಿದ್ದರು. ಹುಡುಗಿಯೂ ಹುಡುಗನೂ ಒಬ್ಬರನ್ನೊಬ್ಬರು ಒಪ್ಪಿ ಆಗಿತ್ತಂತೆ. ಹದಿನಾರು ಎಂದು ಬಂದಾಗ ಆ ಮನುಷ್ಯ ಹೆಗಲ ಟವೆಲನ್ನು ತೆಗೆದು, ಮಡಿಸಿ, ಬಿಚ್ಚಿ, ಮತ್ತೆ ಮಡಿಸಿ, "ಇನ್ನೊಂದು ಕಿತ ಒತ್ರಿ ನೋಡಾಣ," ಎಂದಿದ್ದರು. ಎಷ್ಟು ಸಲ ಒತ್ತಿದರೂ ಅದೇ ಬರುತ್ತದೆ ಎಂದು ಓಬಳೇಶ ಬಹಳ ಗತ್ತಿನಿಂದ ಹೇಳಿದ್ದ. ಈಗ ಅದೇ ಜೋಡಿಯನ್ನು ಹುಡುಕಿ ತೆಗೆದು ಒತ್ತಿದ. ಮೂವತ್ತು. ಫ್ಯಾನು ಗರಗರ ಎನ್ನುತ್ತಿತ್ತು. ಹಾಗಾದರೆ ಆ ಟವೆಲು ಸುಮ್ಮನೆ ಮಡಿಸಿದ್ದೇ? ನಿಧಾನದ ಮಿಷಿನ್ನು ಇಷ್ಟು ವರ್ಷ ಊರಿನ ಅರ್ಧ ಮದುವೆಗಳನ್ನು ಮುರಿದಿದೆಯೇ, ಅಥವಾ ಈಗಿನ ಮಿಷಿನ್ನು ತಲೆಕೆಟ್ಟು ಆಡುತ್ತಿದೆಯೇ? ಪರೀಕ್ಷೆಗೆಂದು ತನ್ನ ಮತ್ತು ಯಶೋಧಾಳ ಜೋಡಿಯನ್ನು ಮತ್ತೊಮ್ಮೆ ಒತ್ತಿದ. ಆರು. ಮತ್ತೆ ಒತ್ತಲು ಧೈರ್ಯ ಬರಲಿಲ್ಲ. ವೇಗ ಇಳಿಸಬೇಕೆಂದು ನೀಲಿ ಪರದೆಗೆ ಕೈ ಹೋಗುವಷ್ಟರಲ್ಲಿ ಮೆಟ್ಟಿಲ ಮೇಲೆ ಕೆರದ ಸದ್ದು ಕೇಳಿತು, ಅದರ ಹಿಂದೆ ತಾಯಿಯ ದನಿ: "ಬರ್ರಿ, ಬರ್ರಿ, ತಲೆ ತಗಲೀತು, ಬಗ್ಗಿ ಬರ್ರಿ."

ತಿಪ್ಪೇರುದ್ರಪ್ಪನವರು ಮೊದಲು ಬಂದರು. ಅವರ ಹಿಂದೆ ಅವರ ತಾಯಿ, ಯಶೋಧಾಳ ಅಜ್ಜಿ ಮುದ್ದಕ್ಕ, ಒಂದೊಂದು ಮೆಟ್ಟಿಲಿಗೂ ಒಂದೊಂದು ದೇವರ ಹೆಸರು ಹಿಡಿದು. ಕೊನೆಗೆ, ಬರುತ್ತಾಳೆಂದು ಯಾರೂ ಹೇಳಿರದ ಯಶೋಧಾ. ಓಬಳೇಶನಿಗೆ ತನ್ನ ಮೀಸೆಗೆ ಹಚ್ಚಿದ ಕಪ್ಪು ನೆನಪಾಯಿತು. ಅದು ಬೆಳಕಿನಲ್ಲಿ ನೇರಳೆ ಹೊಡೆಯುತ್ತದೆಂದು ತಾಯಿ ಎಚ್ಚರಿಸಿದ್ದಳು. ಕಿಟಕಿಗೆ ಬೆನ್ನು ಮಾಡಿ ನಿಂತು ಅವನು, ಯಾವತ್ತೂ ಆಡದಷ್ಟು ಚುರುಕಾಗಿ, "ಕುಂತ್ಕಳ್ರಿ ಕುಂತ್ಕಳ್ರಿ ನೀರು ಕುಡೀತೀರಾ ಕಾಫಿ ತರಿಸ್ಲಾ ಬಿಸಿಲು ಬಾಳ ಅಲ್ಲಾ," ಎಂದು ಒಂದೇ ಉಸಿರಿಗೆ ಹೇಳಿದ. ತಾಯಿ ಅವನ ಹಣೆ ಮುಟ್ಟಿ ನೋಡಿದಳು. ಯಶೋಧಾ ಬೆಂಚಿನ ತುದಿಯಲ್ಲಿ ಕೂತು ನಡುಗುವ ಡಬ್ಬವನ್ನು ನೋಡಿದಳು, ಆಮೇಲೆ ಅವನನ್ನು.

"ಒತ್ತಪ್ಪ," ಎಂದರು ತಿಪ್ಪೇರುದ್ರಪ್ಪನವರು, ಕೋರ್ಟಿನಲ್ಲಿ ಕೂತವರ ಹಾಗೆ ಪಂಚೆ ಸರಿಮಾಡಿಕೊಂಡು. ಒತ್ತದೆ ಇರಲು ಅವನಿಗೆ ಒಂದೇ ಒಂದು ನೆಪ ಸಿಕ್ಕಿದ್ದರೂ ಸಾಕಿತ್ತು. ಎಲ್ಲ ದಿನವೂ ಹೊತ್ತಿಗೆ ಸರಿಯಾಗಿ ಹೋಗುವ ಕರೆಂಟು ಇವತ್ತು ಮಾತ್ರ ಬೇರು ಬಿಟ್ಟು ನಿಂತಿತ್ತು. ಒತ್ತಿದ. ಪರದೆಯ ಮೇಲೆ ದೊಡ್ಡಕ್ಷರದಲ್ಲಿ ಬಂತು: ಒಟ್ಟು ಗುಣ ಮೂವತ್ತಾರು, ಕೂಡಿಬಂದ ಗುಣ ನಲವತ್ತೊಂದು. ಅವನು ಎರಡು ಸಲ ಓದಿದ. ತಿಪ್ಪೇರುದ್ರಪ್ಪನವರು ಬೆರಳಿಟ್ಟು ಒಂದೇ ಸಲ ಓದಿದರು, ಓದಿ ತೊಡೆ ತಟ್ಟಿದರು.

"ನಲವತ್ತೊಂದು! ಅವ್ವಾ, ಮೂವತ್ತಾರಕ್ಕೆ ನಲವತ್ತೊಂದು ಕಣವ್ವಾ! ನಮ್ಮ ವಂಶದಾಗೆ ಯಾರಿಗಾದ್ರೂ ಬಂದಿತ್ತಾ ಇಷ್ಟು?"

"ನನಗೂ ನಿಮ್ಮಪ್ಪಗೂ ನೋಡ್ಲೇ ಇಲ್ಲ," ಎಂದಳು ಮುದ್ದಕ್ಕ. "ನೋಡಿದ್ರೆ ಒಂದೂ ಬರ್ತಿರಲಿಲ್ಲ ಬಿಡು."

ಜಯಕ್ಕ ಕಣ್ಣಿಗೆ ಸೆರಗು ಒತ್ತಿಕೊಂಡಳು. ಆಗ ಬೆಂಚಿನ ತುದಿಯಿಂದ ಯಶೋಧಾಳ ದನಿ ಬಂತು, ತರಗತಿಯಲ್ಲಿ ಹಿಂದಿನ ಸಾಲಿನ ಹುಡುಗನನ್ನು ಎಬ್ಬಿಸುವ ಹಾಗೆ, ಜೋರಲ್ಲ, ಬಿಡುವುದೂ ಅಲ್ಲ. "ಮಾಮ, ಇರೋದೇ ಮೂವತ್ತಾರು. ಅದರಾಗೆ ನಲವತ್ತೊಂದು ಹೆಂಗೆ ಕೂಡಿಬರ್ತಾವೆ?"

"ಬರ್ತಾವೆ," ಎಂದರು ತಿಪ್ಪೇರುದ್ರಪ್ಪನವರು. "ಹೋದ ವರ್ಷ ಹತ್ತು ಪಲ್ಲ ಆಗೋ ಹೊಲದಾಗೆ ಹನ್ನೆರಡು ಆಗಲಿಲ್ಲೇನು? ಹದ ಚೆನ್ನಾಗಿತ್ತು, ಆತು. ಲೆಕ್ಕ ಮಾಡೋರಿಗೆ ಇದೇ ರೋಗ, ಜಾಸ್ತಿ ಬಂದ್ರೂ ಅಳ್ತಾರೆ." ಯಶೋಧಾ ಮಾಮನನ್ನು ಬಿಟ್ಟು ಓಬಳೇಶನ ಕಡೆ ತಿರುಗಿದಳು. "ನೀವು ಹೇಳ್ರಿ." ಅವನ ಬಾಯಿ ತೆರೆಯಿತು. ಹೇಳಬೇಕಾದದ್ದು ಹದಿನೇಳೂವರೆ ಎಂಬ ಒಂದೇ ಮಾತು. ಅದು ಗಂಟಲವರೆಗೆ ಬಂದು, ಉಪ್ಪಿಟ್ಟಿನ ಹಾಗೆ, ಅಲ್ಲೇ ನಿಂತಿತು. ಹೇಳಿದರೆ ಇವರು ಎದ್ದು ಹೋಗುತ್ತಾರೆ, ಕೆರದ ಸದ್ದು ಕೆಳಗಿಳಿಯುತ್ತದೆ, ಹೊಳಲ್ಕೆರೆ ಬಸ್ಸು ಸಿಗುತ್ತದೆ, ಆಮೇಲೆ ತಾನು ಇದೇ ಕುರ್ಚಿಯಲ್ಲಿ ಕೂತು ಇನ್ನೊಬ್ಬರ ಶನಿಯನ್ನು ನೋಡುತ್ತಿರುತ್ತೇನೆ. ಹೇಳದಿದ್ದರೆ ಇವಳ ಈ ಕಣ್ಣುಗಳು ಜೀವಮಾನವಿಡೀ ತನ್ನನ್ನು ಹೀಗೇ ನೋಡುತ್ತವೆ. "ಮಿಷಿನ್ನು ಸ್ವಲ್ಪ... ಚುರುಕಾಗಿ ಐತೆ ಇವತ್ತು," ಎಂದ.

"ಹುಡುಗೀಗೆ ಅನುಮಾನ ಬಂದೈತೆ ಅಂದ್ಮೇಲೆ ಹಂಗೇ ಬಿಡಬಾರದು," ಎಂದು ಮುದ್ದಕ್ಕ ಸೊಂಟದ ಚೀಲ ಬಿಚ್ಚಿದಳು. ಬರುವ ದಾರಿಯಲ್ಲಿ ಬರಗೇರಮ್ಮನ ಗುಡಿಯಿಂದ ತಂದ ಒಂದು ಸೇವಂತಿಗೆ ಅದರಲ್ಲಿತ್ತು. "ಹೂ ಕೇಳಾಣ. ಲೆಕ್ಕ ಹೇಳಿದ ಬಾಯಿಂದಲೇ ಕೇಳಾಣ." ಅವರ ಮನೆಯಲ್ಲಿ ಯಾವ ದೊಡ್ಡ ಕೆಲಸಕ್ಕೂ ಮೊದಲು ದೇವರ ಮೈಮೇಲೆ ಹೂವಿಟ್ಟು ಕೇಳುವುದು ವಾಡಿಕೆ, ದೇವರ ಬಲಗಡೆಗೆ ಬಿದ್ದರೆ ಆಗಲಿ ಎಂದು, ಎಡಗಡೆಗೆ ಬಿದ್ದರೆ ಬೇಡವೆಂದು. ಅಜ್ಜಿ ಹೂವನ್ನು ಚೊಂಬಿನ ನೀರಿನಲ್ಲಿ ಅದ್ದಿ, ನಡುಗುವ ಡಬ್ಬದ ನೆತ್ತಿಯ ಮೇಲೆ ಇಟ್ಟು ಕೈಮುಗಿದಳು. ಇಟ್ಟ ಮೇಲೆ ಒಂದು ತೊಡಕು ಎದ್ದಿತು. ದೇವರ ಬಲ ಯಾವುದೆಂದು ಗೊತ್ತಾಗಬೇಕಾದರೆ ದೇವರ ಮುಖ ಯಾವ ಕಡೆಗಿದೆ ಎಂದು ಗೊತ್ತಾಗಬೇಕು.

"ಮುಖ ಅಂದ್ರೆ ಟಿ.ವಿ. ಅಲ್ಲೇನ್ರಿ," ಎಂದು ಜಯಕ್ಕ ಪರದೆ ತೋರಿಸಿದಳು. "ಇದು ಹೊಟ್ಟೆ." ತಿಪ್ಪೇರುದ್ರಪ್ಪನವರು ಒಪ್ಪಲಿಲ್ಲ, ಲೆಕ್ಕ ಮಾಡುವುದು ಡಬ್ಬ, ಟಿ.ವಿ. ಬರೀ ಕನ್ನಡಿ, ಕನ್ನಡಿಯಲ್ಲಿ ಎಡಬಲ ತಿರುವುಮುರುವು ಆಗುತ್ತದೆ, ಅದನ್ನು ನಂಬಿ ಹೆಣ್ಣು ಕೊಡಲಾಗದು. ವೈರುಗಳು ಇರುವ ಕಡೆ ಜಡೆ ಇರಬೇಕು, ಹಾಗಾದರೆ ಅದು ಬೆನ್ನು ಎಂದು ಅವರು ಡಬ್ಬವನ್ನು ಸುತ್ತುಹಾಕಿ ಬಂದರು. ಇದನ್ನೆಲ್ಲ ಕೇಳುತ್ತ ಓಬಳೇಶನಿಗೆ ತಾನೂ ಗಂಭೀರವಾಗಿ ಯೋಚಿಸುತ್ತಿದ್ದೇನೆ ಎಂಬುದು ಹೊಳೆದು ದಿಗಿಲಾಯಿತು. ಅಷ್ಟರಲ್ಲಿ ಮುದ್ದಕ್ಕ ದೇವರ ಗಲ್ಲ ಮುಟ್ಟಿ ಮುದ್ದು ಮಾಡುವ ಹಾಗೆ ಡಬ್ಬದ ಮುಂಭಾಗವನ್ನು ಸವರಿದಳು. ಬೆರಳು ಯಾವುದೋ ಗುಂಡಿಗೆ ತಗಲಿ, ಸಿ.ಡಿ. ಹಾಕುವ ತಟ್ಟೆ ಝುಯ್ ಎಂದು ಹೊರಗೆ ಬಂತು. ಅಜ್ಜಿ ಎರಡು ಹೆಜ್ಜೆ ಹಿಂದೆ ಸರಿದು ಕೆನ್ನೆ ಬಡಿದುಕೊಂಡಳು. "ನಾಲಿಗೆ! ನಾಲಿಗೆ ಚಾಚ್ತು! ನಾಲಿಗೆ ಇರೋ ಕಡೀಗೇ ಮುಖ." ಮುಖ ತೀರ್ಮಾನವಾಯಿತು, ಅದರಿಂದ ಬಲವೂ ತೀರ್ಮಾನವಾಯಿತು: ತಗಡು ಬಿಚ್ಚಿದ, ಫ್ಯಾನು ತಿರುಗುವ ಆ ತೆರೆದ ಬದಿ.

ಡಬ್ಬ ವಾಲಿದ್ದು ಆ ಕಡೆಗೇ. ಓಬಳೇಶನಿಗೆ ಅದು ಗೊತ್ತಿತ್ತು. ಎಲ್ಲರಿಗಿಂತ ಮೊದಲು, ದೇವರಿಗಿಂತಲೂ ಮೊದಲು ಗೊತ್ತಿತ್ತು. ಸೇವಂತಿಗೆ ನಡುಗುತ್ತ ಒಂದು ಕಾಳಿನಷ್ಟು ಸರಿಯಿತು. "ಬಲಕ್ಕೆ," ಎಂದು ಜಯಕ್ಕ ಉಸಿರು ಬಿಟ್ಟಳು. ಮತ್ತೊಂದು ಕಾಳಿನಷ್ಟು. ಸುಮ್ಮನೆ ನಿಂತರೆ ಸಾಕಿತ್ತು. ಅವನು ಏನೂ ಮಾಡಿಲ್ಲ, ಮೇಜಿನ ಕಾಲು ಗಿಡ್ಡವಿತ್ತು, ರಟ್ಟು ದಪ್ಪವಿತ್ತು, ಇದರಲ್ಲಿ ಅವನ ತಪ್ಪೇನು? ಆದರೂ ತಲೆಯೊಳಗೆ ಯಾರೋ ಟವೆಲು ಮಡಿಸುತ್ತಿದ್ದರು, ಬಿಚ್ಚುತ್ತಿದ್ದರು, ಮತ್ತೆ ಮಡಿಸುತ್ತಿದ್ದರು. ಎಲ್ಲರ ಕಣ್ಣೂ ಹೂವಿನ ಮೇಲಿತ್ತು. ಯಶೋಧಾ ಮಾತ್ರ ಬಗ್ಗಿ ಡಬ್ಬದ ಕೆಳಗಿನ ರಟ್ಟನ್ನು ನೋಡುತ್ತಿದ್ದಳು. ಅವನು ಕೈ ಚಾಚಿದ, ರಟ್ಟು ಎಳೆಯಲೋ ಹೂವು ಹಿಡಿಯಲೋ ಅವನಿಗೇ ತಿಳಿಯಲಿಲ್ಲ. ಅಷ್ಟರಲ್ಲಿ ಹೂವು ಅಂಚು ದಾಟಿ ಬಲಕ್ಕೆ ಬಿತ್ತು. ಬಿದ್ದದ್ದು ನೆಲಕ್ಕಲ್ಲ, ತೆರೆದ ಬಾಯೊಳಕ್ಕೆ. ಫ್ಯಾನು ಕರ್ ಎಂದು ಕಚ್ಚಿತು. ಒದ್ದೆ ಎಸಳುಗಳು ತಿಪ್ಪೇರುದ್ರಪ್ಪನವರ ಮೀಸೆಗೆ, ಊದಿನಕಡ್ಡಿಯ ಬೂದಿಗೆ, ಬೆಂಚಿಗೆ, ಎಲ್ಲ ಕಡೆ ಹಾರಿದವು. ಉಳಿದವು ಒಳಗೆ ಹೋಗಿ ಎಲ್ಲಿ ಸಿಕ್ಕಿಕೊಂಡವೋ, ಪರದೆ ಕಪ್ಪಾಯಿತು, ನಡುಕ ನಿಂತಿತು.

"ಬಲಕ್ಕೇ ಬಿತ್ತು," ಎಂದಳು ಜಯಕ್ಕ ಮೆಲ್ಲಗೆ.

"ಬಿದ್ದಿದ್ದೆಲ್ಲಿ, ತಿಂತು," ಎಂದರು ತಿಪ್ಪೇರುದ್ರಪ್ಪನವರು, ಮೀಸೆಯ ಎಸಳು ತೆಗೆಯುತ್ತ. "ಹೂ ಕೊಡೋ ದೇವರು ನೋಡಿದೀನಿ, ಕೊಡದೇ ಇರೋದನ್ನೂ ನೋಡಿದೀನಿ. ತಿನ್ನೋದನ್ನ ನೋಡಿಲ್ಲ. ಇದಕ್ಕೇನು ಅರ್ಥ ಅವ್ವಾ?"

ಮುದ್ದಕ್ಕ ಬಗ್ಗಿ ಡಬ್ಬದ ಬಾಯೊಳಗೆ ಇಣುಕಿದಳು. "ಹಸಿದಿತ್ತು," ಎಂದಳು.

ಓಬಳೇಶನ ಒಳಗೆ ಏನೋ ಕಳಚಿತು. ಅವನು ನಿಂತಲ್ಲೇ ಹೇಳತೊಡಗಿದ, ಈಗ ಅವಸರವಿಲ್ಲದೆ, ತನ್ನದೇ ಹಳೆಯ ವೇಗದಲ್ಲಿ, ಒಂದೊಂದೇ ಮಾತು ಹುಡುಕಿಕೊಂಡು. ಮಿಷಿನ್ನಿಗೆ ದೈವವಿಲ್ಲ. ತಾನು ಹೊಸ ಮೆಮೊರಿ ಹಾಕಿದೆ, ಹಳೆಯದನ್ನು ತೆಗೆಯಲು ಮನಸ್ಸು ಬರಲಿಲ್ಲ, ಎರಡನ್ನೂ ಓಡಿಸಬಾರದ ವೇಗಕ್ಕೆ ಓಡಿಸಿದೆ, ಅದಕ್ಕೆ ಲೆಕ್ಕ ತಪ್ಪಿದೆ. ಕೆಳಗೆ ರಟ್ಟು ಇಟ್ಟವನು ತಾನೇ. ನಿಜವಾಗಿ ಬರುವುದು ಹದಿನೇಳೂವರೆ, ಮೊದಲೇ ನೋಡಿಕೊಂಡಿದ್ದೇನೆ. ಹೇಳಿ ಮುಗಿಸಿದಾಗ ಮೀಸೆಯ ಕಪ್ಪು ಬೆವರಿನೊಡನೆ ತುಟಿಗೆ ಇಳಿದಿತ್ತು, ಕಹಿಯಾಗಿತ್ತು. ಜಯಕ್ಕ, "ಆತುರಗಾರನಿಗೆ ಬುದ್ಧಿ ಮಟ್ಟ," ಎಂದು ಹಣೆ ಚಚ್ಚಿಕೊಂಡಳು. ಇವನನ್ನು ಯಾರೂ ಆತುರಗಾರ ಎಂದದ್ದು ಅದೇ ಮೊದಲು. ತಿಪ್ಪೇರುದ್ರಪ್ಪನವರು ಎದ್ದು ಬಂದು ಅವನ ಭುಜದ ಮೇಲೆ ಕೈ ಇಟ್ಟರು.

"ನೋಡಪ್ಪ ಓಬಳೇಶಿ, ನೀನು ಗಂಡು. ನಿನ್ನ ಮಾತು ಇದರಾಗೆ ಸಾಕ್ಷಿಗೆ ಬರಲ್ಲ. ಮಿಷಿನ್ನಿಗೆ ನಾಚಿಕೆ ಇಲ್ಲ, ಇದ್ದದ್ದು ಇದ್ದಂಗೆ ಹೇಳ್ತೈತೆ. ನಿನಗೆ ನಾಚಿಕೆ ಐತೆ, ಅದಕ್ಕೆ ಕಮ್ಮಿ ಮಾಡ್ಕಂಡು ಹೇಳ್ತೀಯ. ನಲವತ್ತೊಂದು ಅಂದ್ರೆ ನಲವತ್ತೊಂದೇ. ಅದು ಹಸ್ಕಂಡಿದ್ರೂ ಅಷ್ಟು ಹೇಳೈತೆ. ನಡೀರಿ ಜಯಕ್ಕ, ಕೆಳಗೆ ಮಂಡಕ್ಕಿ ಮೆಣಸಿನಕಾಯಿ ತಿಂದ್ಕಂಡು ತಾರೀಖು ಮಾತಾಡಾಣ. ನನಗೂ ಹಸಿವಾತು."

ಅವರಿಬ್ಬರೂ ಇಳಿದುಹೋದರು. ಮೆಟ್ಟಿಲು ಮತ್ತೊಮ್ಮೆ ಹತ್ತಿಳಿಯಲಾರೆನೆಂದು ಮುದ್ದಕ್ಕ ಬೆಂಚಿನ ಮೇಲೆ ಒರಗಿದಳು, ಒರಗಿದವಳಿಗೆ ಹಾಗೇ ಜೊಂಪು ಹತ್ತಿತು. ಯಶೋಧಾ ಹೋಗಲಿಲ್ಲ. ಓಬಳೇಶ ನಾಚಿಕೆಯಿಂದ ಮುಖವೆತ್ತದೆ, ಸೀರಣಿಗೆಯಲ್ಲಿ ಹೇನು ತೆಗೆಯುವ ಹಾಗೆ, ಮಿಷಿನ್ನಿನೊಳಗಿನ ಎಸಳುಗಳನ್ನು ಒಂದೊಂದಾಗಿ ಹೆಕ್ಕತೊಡಗಿದ. ನಿಜ ಹೇಳಿದರೂ ನಂಬದ ಮೇಲೆ ನಿಜಕ್ಕೆ ಏನು ಬೆಲೆ, ತನಗೆ ಏನು ಬೆಲೆ? ಮದುವೆ ಗಟ್ಟಿಯಾಗುತ್ತಿದೆ, ಕೆಳಗೆ ಮೆಣಸಿನಕಾಯಿ ತಿನ್ನುತ್ತ 'ದಿನ' ನೋಡುತ್ತಿದ್ದಾರೆ, ಆದರೆ ಮದುವೆಯಾಗುತ್ತಿರುವವನು ನಲವತ್ತೊಂದು ಗುಣದ ಇನ್ಯಾರೋ. ಆ ಮಹಾಶಯನ ಮೇಲೆ ಅವನಿಗೆ ಹೊಟ್ಟೆಕಿಚ್ಚಾಯಿತು.

"ಸರಿಯಾದ ವೇಗಕ್ಕೆ ಇಟ್ಟು ಒಂದು ಸಲ ಓಡಿಸ್ರಿ," ಎಂದಳು ಯಶೋಧಾ, ಸ್ಟೂಲು ಎಳೆದುಕೊಂಡು. "ನಾನೂ ನೋಡ್ತೀನಿ."

ಅವನು ಹಳೆಯ ಪಟ್ಟಿಯ ಮೇಲೆ ಬೆರಳಿಟ್ಟು, "ಒಂದನ್ನ ತೆಗೀಬೇಕಾ ಅಂತ," ಎಂದ. ಯಾಕೆ, ಜೊತೇಲಿ ನಡೆಯಲ್ವಾ ಎಂದು ಅವಳು ಕೇಳಿದಳು. ನಡೀತಾವೆ, ನಿಧಾನದ್ದರ ವೇಗಕ್ಕೆ ಇಟ್ಟರೆ ಎರಡೂ ನಡೀತಾವೆ ಎಂದ. "ಮತ್ತೆ ಇರಲಿ ಬಿಡ್ರಿ," ಎಂದಳು. ಅವನು ಮಿಷಿನ್ನು ಮತ್ತೆ ಹಚ್ಚಿ ವೇಗವನ್ನು ನೂರಕ್ಕೆ ಇಳಿಸಿದ. ಕಪ್ಪು ಪರದೆಯ ಮೇಲೆ ಮಿಷಿನ್ನು ತನ್ನ ಮೆಮೊರಿಯನ್ನು ತಾನೇ ಎಣಿಸಿಕೊಳ್ಳತೊಡಗಿತು. ಅಂಕಿಗಳು ಮೆಲ್ಲಗೆ ಏರುತ್ತಿದ್ದವು, ಹಳೆಯದರ ಪಾಲು ಮುಗಿದು ಹೊಸದರ ಪಾಲಿಗೆ ದಾಟಿದವು. ನೋಡುತ್ತ ಕೂರುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಅವನು ಅಂಕಿಗಳ ಕಡೆ ನೋಡುತ್ತಲೇ ಕೇಳಿದ, "ಅವತ್ತು ನಿಧಾನಕ್ಕೆ ಉಣ್ತೀರಾ ಅಂತ ಯಾಕೆ ಕೇಳಿದ್ರಿ?"

"ಉಪ್ಪಿಟ್ಟು ಮಾಡಿದ್ದು ನಾನು," ಎಂದಳು. "ನಮ್ಮನೇಲಿ ಯಾರೂ ರುಚಿ ನೋಡಲ್ಲ, ನುಂಗ್ತಾರೆ. ನೋಡಿ ಉಂಡಿದ್ದು ನೀವೊಬ್ರೇ. ಚೆನ್ನಾಗಿತ್ತಾ ಅಂತ ಕೇಳಬೇಕಿತ್ತು, ಎಲ್ಲರ ಎದುರಿಗೆ ನಾಚಿಕೆ ಆಗಿ ಅದನ್ನ ಕೇಳಿದೆ."

ಚೆನ್ನಾಗಿತ್ತು, ಉಪ್ಪು ಒಂಚೂರು ಮುಂದಿತ್ತು ಎಂದು ಅವನು ಹೇಳಿದ. ಸುಳ್ಳು ಅವನ ಕೈಲಾಗುವುದಿಲ್ಲವಲ್ಲ. ಅವಳು ನಕ್ಕಳು. ಪರದೆ ಬಂತು, ಅವನು ಎರಡು ಜೂನ್ ಒಂದುಗಳನ್ನು ಒತ್ತಿದ, ಮಿಷಿನ್ನು ತನ್ನ ಹಳೆಯ ಚಾಳಿಯಂತೆ ಯೋಚಿಸಿ ಯೋಚಿಸಿ ಉತ್ತರ ಕೊಟ್ಟಿತು. ಹದಿನೇಳೂವರೆ. ಇಬ್ಬರೂ ನೋಡಿದರು. ಅವನಿಗೆ ಬಿ.ಎಸ್ಸಿ. ಫಲಿತಾಂಶ ಅಂಟಿಸಿದ ಗೋಡೆಯ ಮುಂದೆ, ಹೆಸರು ಸಿಗದೆ, ಮತ್ತೆ ಮೇಲಿನಿಂದ ಓದಲು ಶುರುಮಾಡಿದ್ದು ನೆನಪಾಯಿತು. ಯಶೋಧಾ ಪರದೆಯ ಮೇಲಿದ್ದ ಒಂದು ಎಸಳನ್ನು ಉಗುರಿನಿಂದ ಬಿಡಿಸಿದಳು.

"ಅರ್ಧ ಮಾರ್ಕಿಗೆ ನಾನು ಯಾರನ್ನೂ ಫೇಲ್ ಮಾಡಲ್ಲ ಕಣ್ರಿ," ಎಂದಳು.

ಓಬಳೇಶನಿಗೆ ಅಳು ಬಂತು, ಅದರ ಜೊತೆಗೇ ಅವಮಾನವೂ ಬಂತು, ಮತ್ತೆ ಗ್ರೇಸಿನಲ್ಲೇ ಪಾಸಾದೆನಲ್ಲ ಎಂದು. ಅವಮಾನ ಹೆಚ್ಚು ಹೊತ್ತು ನಿಲ್ಲಲಿಲ್ಲ. ಬೆಂಚಿನ ಮೇಲೆ ಮುದ್ದಕ್ಕ ಹೊರಳಿ, ಅರ್ಧ ಕಣ್ಣು ತೆರೆದು, "ಮತ್ತೆ ಒತ್ತಿದ್ರೇನೋ, ಈಗೆಷ್ಟು ಬಂತಪ್ಪಾ?" ಎಂದು ಕೇಳಿದಳು. ಯಶೋಧಾ ಅವನ ಮುಖ ನೋಡಿದಳು. ಅವನು ಕೀಲಿ ಒತ್ತಿ ಪರದೆಯನ್ನು ಖಾಲಿ ಮಾಡಿದ.

"ನಲವತ್ತೊಂದೇ ಅಜ್ಜಿ," ಎಂದ, ಒಂಚೂರೂ ಅವಸರ ಮಾಡದೆ. "ಮಲಕ್ಕಳ್ರಿ."